ಮಷೀನು ಮುನಿಸಿಕೊಂಡಾಗ

ಕೃಷ್ಣಾ, ಘಟಪ್ರಭೆಯ ದಂಡೆಯಲ್ಲಿ ಬಟ್ಟೆ ಒಗೆದ ನಮ್ಮ ಜಮಖಂಡಿ, ಮುಧೋಳ, ಬೀಳಗಿ ಕಡೆಯ ಹೆಣ್ಣುಮಕ್ಕಳಿಗೆ ಒಗೆಯುವುದಕ್ಕಿಂತ ಹಿಂಡುವುದೇ ಕಷ್ಟವೆಂದು ಗೊತ್ತು. ಒದ್ದೆ ಕೌದಿ ಹಿಂಡಿದ ದಿನ ರೊಟ್ಟಿ ಬಡಿಯಲೂ ಕೈ ಏಳುವುದಿಲ್ಲ. ಅದಕ್ಕೇ ಅಲ್ಲವೇ ಮಷೀನಿನ ಆಸೆ?

ರಬಕವಿಯಲ್ಲಿರುವ ನನ್ನ ನಾದಿನಿ ಸೀರೆಗೆ ಫಾಲ್ ಹಚ್ಚಿ ಕೂಡಿಸಿದ ಹಣದಲ್ಲಿ ಮಷೀನು ಕೊಂಡಳು. ಒಂದು ದಿನ, "ವೈನೀ, ಮಷೀನು ನೀರೂ ಬಿಡವಲ್ದು, ತಿರಗವಲ್ದು" ಎಂದಳು. ರಿಪೇರಿಯವನು ಮುಚ್ಚಳ ಕೂಡ ಬಿಚ್ಚದೆ "ಮೋಟಾರು ಹೋಗೈತ್ರೀ" ಎಂದು ದೊಡ್ಡ ಖರ್ಚು ಹೇಳಿದ್ದ. ಆಕೆ ಮತ್ತೆ ಕೈಯಲ್ಲೇ ಹಿಂಡತೊಡಗಿದ್ದಳು. ನಾವಿಬ್ಬರೂ ಕೂತು ಜಾಳಿಗೆ ಬಿಚ್ಚಿ ನೋಡಿದರೆ ಸಿಕ್ಕಿದ್ದೇನು ಗೊತ್ತೇ? ಮಗ್ಗದ ನೂಲಿನ ಮುದ್ದೆ! ನೇಕಾರರ ಮನೆಯ ಬಟ್ಟೆಗೆ ನೂಲು ಅಂಟಿರದೆ ಇರುತ್ತದೆಯೇ?

ಒಂದು ಮಾತು ನೆನಪಿಡಿ. ನೀರು ಖಾಲಿಯಾಗುವವರೆಗೆ ಫುಲ್ ಆಟೋಮ್ಯಾಟಿಕ್ ಮಷೀನು ಜೋರಾಗಿ ತಿರುಗುವುದಿಲ್ಲ. ಲಾಂಡ್ರಿಯ ದೊಡ್ಡ ಮಷೀನಿಗೂ ಇದೇ ನಿಯಮ. ಆದ್ದರಿಂದ ಎರಡು ರೋಗವೆಂದು ಕಂಡದ್ದು ಅನೇಕ ಸಲ ಒಂದೇ ರೋಗ.

ಮೊದಲು ಪ್ಲಗ್ ಕೀಳಿ. ಹಿಂದಿನ ಪೈಪು ಗೋಡೆಗೆ ಒತ್ತಿ ಮಡಚಿದೆಯೇ ನೋಡಿ. ಸೆಮಿ ಆಟೋಮ್ಯಾಟಿಕ್ ಮಷೀನಿನಲ್ಲೂ, ಪಂಪಿಲ್ಲದ, ಮೇಲಿನಿಂದ ಬಟ್ಟೆ ಹಾಕುವ ಮಷೀನಿನಲ್ಲೂ ಪೈಪು ನೆಲದ ಮೇಲೇ ಇರಬೇಕು. ಎತ್ತಿ ಕಟ್ಟಿದರೆ ನೀರು ಹೇಗೆ ಇಳಿದೀತು? ಮುಂದಿನಿಂದ ಬಟ್ಟೆ ಹಾಕುವ ಮಷೀನಿಗೆ ಪಂಪು ಇರುತ್ತದೆ. ಅದರ ಪೈಪನ್ನು ಪುಸ್ತಕದಲ್ಲಿ ಹೇಳಿದ ಎತ್ತರದಲ್ಲೇ ಇಡಿ. ಅದರ ಕೆಳಮೂಲೆಯ ಪುಟ್ಟ ಬಾಗಿಲೊಳಗೆ ಜಾಳಿಗೆ ಇದೆ. ನೀರು ಬಿಸಿ ಇದ್ದರೆ ಆರಲು ಬಿಡಿ, ಕೆಳಗೆ ಪರಾತ ಇಟ್ಟು ನಿಧಾನವಾಗಿ ತಿರುಗಿಸಿ. ನೂಲು, ಗುಂಡಿ, ಪಿನ್ನು, ಚಿಲ್ಲರೆ ಎಲ್ಲ ಅಲ್ಲೇ ಸಿಗುತ್ತವೆ.

ನೀರು ಹೋಗಿಯೂ ತಿರುಗದಿದ್ದರೆ ಬಟ್ಟೆ ನೋಡಿ. ಒಂದೇ ಕೌದಿ ನೀರು ಕುಡಿದು ಒಂದು ಬದಿಗೆ ಕುಳಿತರೆ ತೂಕ ತಪ್ಪಿ ಮಷೀನು ತಾನೇ ನಿಲ್ಲುತ್ತದೆ. ಬಿಡಿಸಿ ಸುತ್ತಲೂ ಸಮನಾಗಿ ಹರಡಿ; ಭಾರಿ ಕೌದಿಯನ್ನು ಹಾಕಲೇಬೇಡಿ. ಬೋರಿನ ಗಡಸು ನೀರಿಗೆ ನೊರೆ ಬರಲಿಲ್ಲವೆಂದು ಪುಡಿ ಸುರಿಯಬೇಡಿ. ಅತಿ ನೊರೆಯಾದರೂ ಮಷೀನು ತಿರುಗದು. ಸೆಮಿ ಆಟೋಮ್ಯಾಟಿಕ್‌ನಲ್ಲಿ ಮುಚ್ಚಳ ಸರಿಯಾಗಿ ಕೂರದಿದ್ದರೂ, ಡಬ್ಬಿಯ ಕೆಳಗೆ ಕಾಲುಚೀಲ ಜಾರಿದ್ದರೂ ಇದೇ ಗತಿ.

ಇಷ್ಟಾದರೂ ಬರೀ "ಗುಂಯ್" ಎನ್ನುತ್ತಿದ್ದರೆ ತಕ್ಷಣ ಆರಿಸಿ. ಕರೆಂಟು ಸಣ್ಣಗಿದ್ದರೂ ಹೀಗಾಗುತ್ತದೆ. ಕೆಪಾಸಿಟರು ಕೆಟ್ಟಿದ್ದರೂ ಆಗುತ್ತದೆ. ಕೆಪಾಸಿಟರನ್ನು ಮಾತ್ರ ಮುಟ್ಟಬೇಡಿ, ಪ್ಲಗ್ ಕಿತ್ತ ಮೇಲೂ ಅದು ಹೊಡೆದೀತು. ಆಗ ರಿಪೇರಿಯವರನ್ನು ಕರೆಯಿರಿ. "ನೀರು ಹೋಗ್ತದ, ಜಾಳಿಗಿ ತೊಳದೀನಿ, ತೂಕ ಸರಿ ಐತಿ, ಆದ್ರೂ ತಿರಗವಲ್ದು" ಎಂದು ವಿವರಿಸಿ. ಇಷ್ಟು ತಿಳಿದು ಮಾತಾಡುವವಳ ಮುಂದೆ ನೋಡದೆಯೇ "ಮೋಟಾರು ಹೋಗೈತಿ" ಎನ್ನಲು ಯಾರೂ ಹಿಂದುಮುಂದು ನೋಡುತ್ತಾರೆ. ಜಾಳಿಗೆಯನ್ನು ತಿಂಗಳಿಗೊಮ್ಮೆ ತೊಳೆಯಿರಿ. ಮಗ್ಗದ ಮನೆಯವರು ವಾರಕ್ಕೊಮ್ಮೆ. ನಿಮ್ಮ ಉಳಿತಾಯವೂ ಉಳಿದೀತು, ಮುಂಗೈಯೂ ಉಳಿದೀತು.