ತೊಳೆದ ರೂಪಾಯಿಗೆ ಎಷ್ಟು ಅಂಕ?

ನಮ್ಮ ಕಡೆ ಸೀರೆಯೊಂದು ನೇಯ್ಗೆಯಲ್ಲೂ ಬಣ್ಣದಲ್ಲೂ ಒಪ್ಪವಾಗಿದ್ದರೆ ‘ನಾಣ್ಯವಾಗಿದೆ’ ಎನ್ನುತ್ತೇವೆ. ಹೇಳಿದ್ದನ್ನೇ ಹೇಳುವವರ ಮಾತು ಸವಕಲು ನಾಣ್ಯ. ನಂಬಿಸಿ ಕೈಕೊಟ್ಟವನು ಖೋಟಾ ನಾಣ್ಯ. ಹೀಗೆ ಸೀರೆಯನ್ನೂ ಮಾತನ್ನೂ ಮನುಷ್ಯರನ್ನೂ ನಾಣ್ಯದಿಂದಲೇ ಅಳೆದುಕೊಂಡು ಬಂದ ನನಗೆ, ನಾಣ್ಯವನ್ನೇ ಅಳೆದು ಅಂಕ ಕೊಡುವ ಪರೀಕ್ಷಕರಿದ್ದಾರೆಂದು ತಿಳಿದದ್ದು ಐವತ್ತು ದಾಟಿದ ಮೇಲೆ. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳಿಗೆ ಕುತೂಹಲವಾಗದೆ ಇದ್ದೀತೆ?

ಸಂದರ್ಭ ಮಾತ್ರ ಸಂತೋಷದ್ದಲ್ಲ. ನಮ್ಮ ಅತ್ತೆ ತೀರಿಕೊಂಡು ಆಗಷ್ಟೇ ವರ್ಷ ತುಂಬಿತ್ತು. ಯಲಹಂಕ ಹಳೇ ಊರಿನ ನಮ್ಮ ಮನೆಯ ದೇವರ ಗೂಡಿನಲ್ಲಿ ಅವರದೊಂದು ಹಿತ್ತಾಳೆ ಡಬ್ಬಿ. ಅದರೊಳಗೆ ಹದಿನಾಲ್ಕು ನಾಣ್ಯ. ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ಮೂರು. ಅದರಲ್ಲಿ ಒಂದಕ್ಕೆ ಕೊಂಡಿ ಬೆಸೆದಿತ್ತು. ಐದನೇ ಜಾರ್ಜ್ ದೊರೆಯ ರೂಪಾಯಿ ಒಂಬತ್ತು. ಇನ್ನೆರಡು ತಾಮ್ರದವು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದವು, ಕನ್ನಡದಲ್ಲೇ ‘ಮಯಿಲಿ ಕಾಸು’ ಎಂದು ಬರೆದವು. ಪ್ರತಿ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅತ್ತೆ ಅವನ್ನು ಹುಣಿಸೆಹಣ್ಣು ಹಾಕಿ ಉಜ್ಜಿ, ಒಲೆಯ ಬೂದಿಯಲ್ಲಿ ತಿಕ್ಕಿ, ತೊಳೆದು, ಬಿಳಿ ಬಟ್ಟೆಯಲ್ಲಿ ಒರೆಸಿ ಕಲಶದ ಮುಂದೆ ಸಾಲಾಗಿ ಇಡುತ್ತಿದ್ದರು. ಅವರ ಅತ್ತೆಯೂ ಹಾಗೇ ಮಾಡುತ್ತಿದ್ದರಂತೆ. ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬಿ ಇದ್ದೀತು.

ಪಾಲಿನ ಮಾತು ಬಂತು. ನನ್ನ ನಾದಿನಿ ಇರುವುದು ದೊಡ್ಡಬಳ್ಳಾಪುರದಲ್ಲಿ. ಗಂಡನಿಲ್ಲ, ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಅವಳಿಗೆ ಹಣ ಬೇಕಿತ್ತು. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಬರುತ್ತದೆ ಎಂದು ಯಾರೋ ಅವಳ ಕಿವಿಯಲ್ಲಿ ಊದಿದ್ದರು. ಆರ್.ಟಿ. ನಗರದಲ್ಲಿರುವ ಮೈದುನನಿಗೆ ಇಪ್ಪತ್ತು ವರ್ಷದಿಂದ ನಾಣ್ಯ ಸಂಗ್ರಹದ ಹುಚ್ಚು. ಭೂತಗನ್ನಡಿ ಹಿಡಿದು ಬಂದವನು ಮೊದಲು ನೋಡಿದ್ದು ಇಸವಿಯನ್ನು. 1911ರ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆಂದು ಗದ್ದಲವಾಗಿ, ಸರ್ಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡು, ಮರುವರ್ಷ ಆನೆಯನ್ನು ಸ್ಪಷ್ಟವಾಗಿ ತಿದ್ದಿಸಿತು. ಹಾಗಾಗಿ 1911ರದಕ್ಕೆ ಬೇಡಿಕೆ. ನಮ್ಮವು 1912ರಿಂದ 1920ರೊಳಗಿನವು, ಎಲ್ಲೆಲ್ಲೂ ಸಿಗುವಂಥವು. ಆಮೇಲೆ ಅವುಗಳ ಮೈ ನೋಡಿದ.

“ಅತ್ತಿಗೆ, ಇವನ್ನು ಗ್ರೇಡಿಂಗಿಗೆ ಕೊಟ್ಟರೆ ಅಂಕವೇ ಬರೋದಿಲ್ಲ. ‘ತೊಳೆದದ್ದು’ ಅಂತ ಬರೆದುಬಿಡ್ತಾರೆ. ಆ ಕೊಂಡಿಯದಂತೂ ‘ಕೆಟ್ಟದ್ದು’.”

ನಾದಿನಿಯ ಮುಖ ಕಪ್ಪಾಯಿತು. “ನಮ್ಮಮ್ಮ ಪೂಜೆಗೆ ತೊಳೆದದ್ದು ತಪ್ಪಾ? ಆ ಕೊಂಡಿ ನನಗೆ ಬಾಲಗ್ರಹ ಆದಾಗ ಕುತ್ತಿಗೆಗೆ ಕಟ್ಟೋಕೆ ಹಾಕಿಸಿದ್ದು ಕಣೋ” ಎಂದಳು. ಬಾಯಲ್ಲಿ ಆಡದೆ ಉಳಿದ ಮಾತೊಂದು ಅವಳ ಕಣ್ಣಿನಲ್ಲಿತ್ತು. ಬೆಲೆಯಿಲ್ಲ ಎಂದು ಹೇಳಿ ಅಣ್ಣ ತಾನೇ ಎಲ್ಲ ಇಟ್ಟುಕೊಳ್ಳುತ್ತಾನೇನೋ ಎಂಬ ಅನುಮಾನ. ಅವನಿಗೂ ಅದು ಗೊತ್ತಾಯಿತು. ಕಾಫಿ ಕುಡಿಯದೆ ಎದ್ದು ಹೋದ.

ಇದೇನು ಅಂಕ, ಇದೇನು ಗ್ರೇಡಿಂಗು ಎಂದು ನಾನು ವಿಚಾರಿಸಿಕೊಂಡದ್ದು ಆಮೇಲೆ. ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1949ರಲ್ಲಿ ತನ್ನ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ ಒಂದರಿಂದ ಎಪ್ಪತ್ತರವರೆಗಿನ ಅಳತೆಗೋಲು ಮಾಡಿದ. ಪೂರಾ ಸವೆದು ಗುರುತು ಮಾತ್ರ ಸಿಗುವುದಕ್ಕೆ ಒಂದು. ಟಂಕಸಾಲೆಯಿಂದ ಈಗತಾನೆ ಬಿದ್ದಂತೆ ಕಳಂಕವಿಲ್ಲದ್ದಕ್ಕೆ ಎಪ್ಪತ್ತು. ಅದೇ ಅಳತೆಯನ್ನು ಹಿಡಿದು 1986ರಲ್ಲಿ ಪಿ.ಸಿ.ಜಿ.ಎಸ್., 1987ರಲ್ಲಿ ಎನ್.ಜಿ.ಸಿ. ಎಂಬ ಸಂಸ್ಥೆಗಳು ಅಮೆರಿಕದಲ್ಲಿ ಹುಟ್ಟಿದವು. ಶುಲ್ಕ ಕಟ್ಟಿ ನಾಣ್ಯ ಕಳಿಸಿದರೆ ಒಬ್ಬರಿಗಿಂತ ಹೆಚ್ಚು ಪರೀಕ್ಷಕರು, ಯಾರದೆಂದು ತಿಳಿಯದೆ, ಅಸಲಿಯೋ ನಕಲಿಯೋ ನೋಡಿ, ಸವೆತ ನೋಡಿ, ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕಳಿಸುತ್ತಾರೆ. ಒಡೆಯದೆ ತೆಗೆಯಲಾಗದ ಡಬ್ಬಿ. ಉಜ್ಜಿದ, ಗೀಚಿದ, ಬೆಸೆದ ನಾಣ್ಯ ಅಸಲಿಯಾಗಿದ್ದರೂ ಸಾಮಾನ್ಯವಾಗಿ ಅಂಕವಿಲ್ಲ, ಷರಾ ಮಾತ್ರ. ಹುಣಿಸೆಯ ಹುಳಿ, ಬೂದಿಯ ಕಣ ಬೆಳ್ಳಿಗೆ ಹೊಳಪು ಕೊಡುತ್ತವೆ ನಿಜ. ಆದರೆ ಟಂಕಿಸಿದಾಗ ಮೈಮೇಲೆ ಮೂಡುವ ಕಾಂತಿ ಅದರಲ್ಲಿ ಅಳಿಸಿಹೋಗುತ್ತದಂತೆ, ಕೂದಲೆಳೆಯಂಥ ಗೀರುಗಳು ಉಳಿಯುತ್ತವಂತೆ. ಹೊಳಪು ಬೇರೆ, ಕಾಂತಿ ಬೇರೆ ಎಂಬ ಮಾತು ನನಗೆ ಹೊಸ ಪಾಠ.

ನಮ್ಮ ನಾಣ್ಯಗಳಿಗೆ ಇನ್ನೂ ಒಂದು ತೊಡಕಿತ್ತು. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಡಬ್ಬಿಯ ಹದಿನಾಲ್ಕೂ ನೂರು ದಾಟಿದವೇ. ಅಮೆರಿಕದ ಅಂಕದ ಆಸೆಯನ್ನು ಅಲ್ಲಿಗೇ ಬಿಡಬೇಕಾಯಿತು.

ಆದರೆ ಈ ಅಂಕದ ಬಗ್ಗೆ ಸಂಗ್ರಹಕಾರರೇ ಒಮ್ಮತದಲ್ಲಿಲ್ಲ ಎಂಬುದು ನನಗೆ ಗೊತ್ತಾದದ್ದು ನಮ್ಮ ರಸ್ತೆಯ ನಿವೃತ್ತ ಪೋಸ್ಟ್ ಮಾಸ್ತರರಿಂದ. ಎಂಬತ್ತರ ಹತ್ತಿರದ ವಯಸ್ಸು, ನಾಣ್ಯಗಳನ್ನು ಕಾಗದದ ಪೊಟ್ಟಣದಲ್ಲಿಟ್ಟು ತಮ್ಮ ಕೈಬರಹದಲ್ಲೇ ವಿವರ ಬರೆದಿಟ್ಟವರು. “ನಾಣ್ಯ ಕೊಳ್ಳಬೇಕಮ್ಮ, ಡಬ್ಬಿ ಕೊಳ್ಳಬಾರದು” ಎನ್ನುತ್ತಾರೆ. ಬೆರಳ ತುದಿಯಲ್ಲಿಟ್ಟು ಚಿಮ್ಮಿದರೆ ಬೆಳ್ಳಿಯ ನಾದ ಕೇಳಬೇಕು, ಡಬ್ಬಿಯೊಳಗಿನ ರೂಪಾಯಿ ಮೂಗ ಎಂಬುದು ಅವರ ದೂರು. ಅದಕ್ಕಿಂತ ಗಟ್ಟಿಯಾದ ತಕರಾರು ಇನ್ನೊಂದು. ನಮ್ಮ ಮೈಸೂರು ಸೀಮೆಯ ಹಳೆಯ ಆನೆಕಾಸುಗಳು ಯಂತ್ರದವಲ್ಲ, ಕೈಯಲ್ಲಿ ಸುತ್ತಿಗೆ ಹಿಡಿದು ಟಂಕಿಸಿದವು. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಒಂದರಲ್ಲಿ ಸೊಂಡಿಲಿಲ್ಲ, ಇನ್ನೊಂದರಲ್ಲಿ ಬಾಲವಿಲ್ಲ. ಅದು ಸವೆತವಲ್ಲ, ಹುಟ್ಟು. ಎಲ್ಲವೂ ಒಂದೇ ಸಮ ಬರುವ ಯಂತ್ರದ ನಾಣ್ಯವನ್ನು ನೋಡಿ ಪಳಗಿದ ಕಣ್ಣು ಇದಕ್ಕೆ ಏನೆಂದು ಅಂಕ ಹಾಕೀತು? ಒಂದೇ ನಾಣ್ಯವನ್ನು ಡಬ್ಬಿಯಿಂದ ಬಿಡಿಸಿ ಮತ್ತೆ ಕಳಿಸಿದರೆ ಬೇರೆ ಅಂಕ ಬಂದದ್ದೂ ಉಂಟಂತೆ. ಅಂಕ ಕೊಟ್ಟವರ ಅಂಕವನ್ನು ಪರೀಕ್ಷಿಸಿ ಡಬ್ಬಿಯ ಮೇಲೆ ಹಸಿರು ಚೀಟಿ ಅಂಟಿಸುವ ಇನ್ನೊಂದು ಸಂಸ್ಥೆ ಅಮೆರಿಕದಲ್ಲಿ 2007ರಲ್ಲಿ ಶುರುವಾಯಿತು ಎಂದಾಗ ನಾನು ನಕ್ಕುಬಿಟ್ಟೆ. ನಮ್ಮ ಎಸ್ಸೆಸ್ಸೆಲ್ಸಿ ಮರುಮೌಲ್ಯಮಾಪನ ನಾಣ್ಯಕ್ಕೂ ಬಂತಲ್ಲ!

ಮೈದುನನ ವಾದವನ್ನೂ ತಳ್ಳಿಹಾಕುವಂತಿಲ್ಲ. “ಮಾಸ್ತರರ ಕಣ್ಣು ಎಲ್ಲರಿಗೂ ಇದೆಯಾ ಅತ್ತಿಗೆ? ಟಿಪ್ಪುವಿನ ರೂಪಾಯಿ, ಕಂಪನಿ ರೂಪಾಯಿ ಅಂತ ಖೋಟಾ ಎಷ್ಟು ಬರುತ್ತೆ ಗೊತ್ತಾ? ಕಲ್ಕತ್ತದಲ್ಲಿರೋನು ನನ್ನ ಮುಖ ನೋಡಿಲ್ಲ, ನಾನು ಅವನ ಮುಖ ನೋಡಿಲ್ಲ. ನಮ್ಮಿಬ್ಬರ ನಡುವೆ ಮಾತಾಡೋದು ಆ ಡಬ್ಬಿ ಒಂದೇ” ಎನ್ನುತ್ತಾನೆ. ಯಶವಂತಪುರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳದು ನಡುವಿನ ದಾರಿ. ಅವಳೂ ಸಂಗ್ರಹಕಾರ್ತಿ. ಬೆಲೆ ಬಾಳುವುದನ್ನು ಮಾತ್ರ ಗ್ರೇಡಿಂಗಿಗೆ ಕೊಡಬೇಕು, ನೂರು ರೂಪಾಯಿಯ ನಾಣ್ಯಕ್ಕೆ ಸಾವಿರಾರು ರೂಪಾಯಿ ಖರ್ಚು ಮಾಡುವುದು ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾಳೆ.

ಮೂವರ ಮಾತನ್ನೂ ಕೇಳಿದ ಮೇಲೆ ನನಗೆ ನೆನಪಾದದ್ದು ‘ಚಿನಿವಾರ’ ಎಂಬ ಹಳೆಯ ಪದ. ಚಿನ್ನ ಬೆಳ್ಳಿಯ ಧಾರಣೆಗೆ ಪತ್ರಿಕೆಗಳು ಬಳಸುತ್ತ ಬಂದ ‘ಚಿನಿವಾರ ಪೇಟೆ’ ಎಂಬ ತಲೆಬರಹದಲ್ಲಿ ಅವನ ಹೆಸರು ಉಳಿದುಕೊಂಡಿದೆ. ನಾಣ್ಯವನ್ನು ತೂಗಿ, ಒರೆದು, ಸವೆದಿದ್ದರೆ ವಟ್ಟ ಮುರಿದುಕೊಂಡು ಬದಲಿಸಿ ಕೊಡುತ್ತಿದ್ದವನು ಅವನು. ಪರೀಕ್ಷಿಸಿದ್ದಕ್ಕೆ ಸಾಕ್ಷಿಯಾಗಿ ಸರಾಫರು ನಾಣ್ಯದ ಮೈಮೇಲೆಯೇ ಚಿಕ್ಕ ಮೊಳೆಯಿಂದ ಗುರುತು ಹೊಡೆಯುತ್ತಿದ್ದದ್ದೂ ಉಂಟು. ನಮ್ಮ ಯಲಹಂಕದ ಕೆಂಪೇಗೌಡರು ಚಕ್ರವರ್ತಿಯ ಅಪ್ಪಣೆಯಿಲ್ಲದೆ ನಾಣ್ಯ ಟಂಕಿಸಿ ಆನೆಗೊಂದಿಯಲ್ಲಿ ಸೆರೆಯಲ್ಲಿದ್ದರೆಂದು ತರಗತಿಯಲ್ಲಿ ಹೇಳಿಕೊಟ್ಟಿದ್ದೇನೆ. ನಾಣ್ಯಕ್ಕೆ ಅಂದು ರಾಜಮುದ್ರೆಯೊಂದೇ ಸಾಲದೆ ಚಿನಿವಾರನ ಗುರುತೂ ಬೇಕಾಗುತ್ತಿತ್ತು. ಇಂದು ಪ್ಲಾಸ್ಟಿಕ್ ಡಬ್ಬಿ ಬೇಕಾಗಿದೆ. ವ್ಯತ್ಯಾಸ ಇಷ್ಟೆ. ಚಿನಿವಾರ ಪರೀಕ್ಷಿಸಿ ಕೊಟ್ಟ ನಾಣ್ಯ ಮತ್ತೆ ಸಂತೆಗೆ ಹೋಗುತ್ತಿತ್ತು, ಡಬ್ಬಿಯ ನಾಣ್ಯ ಕಪಾಟಿಗೆ ಹೋಗುತ್ತದೆ.

ಅಂಕ ಎಂದರೇನೆಂದು ಮೇಷ್ಟರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೌಲ್ಯಮಾಪನ ಕೇಂದ್ರದಲ್ಲಿ ಹೆಸರಿಲ್ಲದ ಪತ್ರಿಕೆ ಮುಂದೆ ಬಂದಾಗ ನಾವು ನೋಡುವುದು ಬರೆದದ್ದನ್ನು ಮಾತ್ರ. ಬರೆದ ಹುಡುಗಿ ಬೆಳಿಗ್ಗೆ ನಾಲ್ಕಕ್ಕೆದ್ದು ಹಾಲು ಕರೆದು ಬಂದಳೇ ಎಂಬುದಕ್ಕೆ ಅಲ್ಲಿ ಅಂಕವಿಲ್ಲ. ಇರಲೂ ಬಾರದು. ಹಾಗೆ ಕೊಡತೊಡಗಿದರೆ ಪರಿಚಯವಿಲ್ಲದ ಮಕ್ಕಳಿಗೆ ಅನ್ಯಾಯ. ಕಾಣದವರ ನಡುವೆ ನ್ಯಾಯ ನಡೆಯಬೇಕಾದರೆ ಅಂಕ ಬೇಕು. ಆದರೆ ಆ ಅಂಕವನ್ನೇ ಮನೆಗೆ ಒಯ್ದು ಮಗಳನ್ನು ಅದರಿಂದ ತೂಗುವ ತಾಯಂದಿರನ್ನು ನೋಡಿದಾಗ ಮಾತ್ರ ನನಗೆ ಸಂಕಟವಾಗುತ್ತದೆ. ನಾಣ್ಯದ ಅಂಕವೂ ಹಾಗೇ. ಎಷ್ಟು ಕಡಿಮೆ ಕೈ ಮುಟ್ಟಿದೆ ಎಂಬುದನ್ನು ಅದು ಹೇಳುತ್ತದೆ. ಯಾರ ಕೈ ಮುಟ್ಟಿದೆ ಎಂಬುದನ್ನು ಹೇಳುವುದಿಲ್ಲ. ಅದು ಅದರ ಕೆಲಸವೂ ಅಲ್ಲ.

ನಮ್ಮ ಮನೆಯ ಜಗಳಕ್ಕೂ ಹೊರಗಿನ ಕಣ್ಣೇ ಬೇಕಾಗಿತ್ತು. ಅಣ್ಣ ಹೇಳಿದರೆ ತಂಗಿಗೆ ನಂಬಿಕೆಯಿಲ್ಲ, ನಾನು ಹೇಳಿದರೆ ಅತ್ತಿಗೆ ಮೈದುನನ ಕಡೆ ಎಂದಾಳು. ಕೆಂಪೇಗೌಡ ರಸ್ತೆಯ ಶಿಕ್ಷಕರ ಸದನದಲ್ಲಿ ನಾಣ್ಯ ಪ್ರದರ್ಶನ ನಡೆದಾಗ ನಾದಿನಿಯನ್ನು ಕರೆದುಕೊಂಡು ಹೋದೆ. ಡಬ್ಬಿಯನ್ನು ಅವಳ ಕೈಯಲ್ಲೇ ಕೊಟ್ಟಿದ್ದೆ. ಪರಸ್ಪರ ಸಂಬಂಧವಿಲ್ಲದ ಎರಡು ಮಳಿಗೆಗಳಲ್ಲಿ ಅವಳೇ ತೋರಿಸಿ ಕೇಳಿದಳು. ಬೆಲೆಯಲ್ಲಿ ಇಬ್ಬರೂ ಬೇರೆ ಬೇರೆ ಹೇಳಿದರು. ಆದರೆ ‘ತೊಳೆದವು, ಸಾಮಾನ್ಯ ಇಸವಿಗಳು, ಬೆಳ್ಳಿಗಿಂತ ತುಸು ಹೆಚ್ಚು ಬರಬಹುದು’ ಎಂಬಲ್ಲಿ ಇಬ್ಬರದೂ ಒಂದೇ ಮಾತು. ಹೊರಗೆ ಬಂದವಳು ಬಹಳ ಹೊತ್ತು ಸುಮ್ಮನಿದ್ದಳು. ಹೆಬ್ಬಾಳದ ಮೇಲ್ಸೇತುವೆ ಹತ್ತುವಾಗ, “ಅಣ್ಣ ಸುಳ್ಳು ಹೇಳಿರಲಿಲ್ಲ ಅಲ್ವಾ ಅತ್ತಿಗೆ” ಎಂದಳು. ಅಂದು ಸಂಜೆ ತಾನಾಗಿಯೇ ಅವನಿಗೆ ಫೋನು ಮಾಡಿದಳು.

ಜಾರ್ಜ್ ದೊರೆಯ ಆರು ರೂಪಾಯಿ ಮಾರಿದೆವು. ಒಂದೊಂದೂ ಒಂದು ತೊಲದ ತೂಕ, ಎಂದರೆ ಹನ್ನೊಂದೂವರೆ ಗ್ರಾಮಿಗಿಂತ ಸ್ವಲ್ಪ ಹೆಚ್ಚು, ನೂರಕ್ಕೆ ತೊಂಬತ್ತೊಂದು ಪಾಲಿಗೂ ಮಿಕ್ಕಿ ಬೆಳ್ಳಿ. ಬಂದದ್ದು ಲಕ್ಷವಲ್ಲ, ಮಗುವಿನ ಹಾಸ್ಟೆಲ್ ಶುಲ್ಕದ ಒಂದು ಕಂತು. ಮೈದುನ ತನ್ನ ಪಾಲಿನ ಹಣವನ್ನೂ ತಂಗಿಗೇ ಬಿಟ್ಟ. ಮಯಿಲಿ ಕಾಸು ಎರಡೂ ಅವನಿಗೆ. ಉಳಿದವನ್ನು ಹಂಚಿಕೊಂಡೆವು. ಕೊಂಡಿಯ ರೂಪಾಯಿಯನ್ನು ನಾದಿನಿ ಯಾರೂ ಕೇಳುವ ಮೊದಲೇ ಎತ್ತಿಕೊಂಡಳು.

ಶ್ರಾವಣ ಬಂತು. ಹಬ್ಬದ ಹಿಂದಿನ ದಿನ ಅವಳ ಫೋನು. “ಅತ್ತಿಗೆ, ಇದನ್ನ ಈಗ ಹುಣಿಸೆಹಣ್ಣಲ್ಲಿ ತೊಳೀಲಾ, ಬೇಡ್ವಾ?”

“ಮಾರ್ತೀಯೇನೆ?” ಎಂದೆ.

“ಅಯ್ಯೋ, ಉಂಟಾ!”

“ಹಾಗಾದ್ರೆ ತೊಳಿ.”