ಅಟ್ಟದ ಮೇಲಿನ ಕಂಪ್ಯೂಟರ್

ಆದೋನಿಯ ನಮ್ಮ ಮನೆಯ ಅಟ್ಟದ ಮೇಲೆ ಒಂದು ಹಳೆಯ ಕಂಪ್ಯೂಟರ್ ಇತ್ತು. ಅಪ್ಪ ತೀರಿಕೊಂಡ ಮೇಲೂ ಅದನ್ನು ಕೆಳಗಿಳಿಸಲು ನನಗೆ ಮನಸ್ಸಾಗಿರಲಿಲ್ಲ.

ಅಪ್ಪ ಒಂದು ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. 1953ರವರೆಗೆ ಆದೋನಿ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ಆಂಧ್ರಕ್ಕೆ ಸೇರಿತು. ಗಡಿ ಬದಲಾದರೂ ಅಪ್ಪನ ಲೆಡ್ಜರಿನಲ್ಲಿ ಕನ್ನಡವೇ ಉಳಿದಿತ್ತು. ಪ್ರತಿ ಪುಟದ ಕೆಳಗೆ ಸಣ್ಣದಾಗಿ ತಮ್ಮ ಸಹಿ ಹಾಕುತ್ತಿದ್ದರು. ತೊಂಬತ್ತರ ದಶಕದಲ್ಲಿ ಮಾಲೀಕರು ಕಂಪ್ಯೂಟರ್ ತಂದರು. ಲೆಕ್ಕ ಬರೆಯುತ್ತಿದ್ದ ಅಪ್ಪ ಅಂಗಳದಲ್ಲಿ ಬೇಲ್ ಎಣಿಸುವವರಾದರು. ಕೆಲವೇ ವರ್ಷಗಳಲ್ಲಿ ಕಾರ್ಖಾನೆಯೂ ಮುಚ್ಚಿತು. ಮೂರು ತಿಂಗಳ ಸಂಬಳದ ಬದಲು ಅದೇ ಕಂಪ್ಯೂಟರನ್ನು ಕೊಟ್ಟು ಕಳಿಸಿದರು.

"ಮೂರು ತಿಂಗಳ ದುಡಿಮೆಗೆ ಈ ಡಬ್ಬಾನೇನಪ್ಪಾ?" ಎಂದು ನಾನು ರೇಗಿದೆ. ಅವರು ಮಾತಾಡಲಿಲ್ಲ. ಹಳೆಯ ಪಂಚೆಯಲ್ಲಿ ಸುತ್ತಿ ತಾವೇ ಅಟ್ಟಕ್ಕೇರಿಸಿದರು.

ಕಳೆದ ವರ್ಷ ಗುಜರಿಯವನು ಬಂದಾಗ ಮಗ ಅಡ್ಡ ಬಂದ. "ತೂಕಕ್ಕ ಹಾಕಬ್ಯಾಡಪ್ಪ, ಒಳಗ ಬಂಗಾರ ಐತೆ." ನಿಜವೇ. ಒಳಗಿದ್ದದ್ದು 1989ರಲ್ಲಿ ಇಂಟೆಲ್ ಹೊರತಂದ 486 ಜಾತಿಯ ಪ್ರೊಸೆಸರ್. ಪಿಂಗಾಣಿಯಂಥ ಬಿಲ್ಲೆ, 168 ಕಾಲುಗಳು, ಅವುಗಳ ನಡುವೆ ಬಂಗಾರದ ಲೇಪದ ಚೌಕ ಮುಚ್ಚಳ. ಲೇಪ ಎಷ್ಟು ತೆಳುವೆಂದರೆ, ಅದನ್ನು ನಂಬಿ ಯಾರೂ ಒಡವೆ ಮಾಡಿಸಲಾರರು! ಮಗನಿಗೂ ಬಂಗಾರ ನೆಪವಷ್ಟೇ, ಮುಚ್ಚಳದ ಅಡಿ ನೋಡಬೇಕಿತ್ತು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಅಂಚಿಗೆ ಬ್ಲೇಡಿಟ್ಟು ಮೆಲ್ಲಗೆ ತಟ್ಟಿದ. ಹತ್ತನೆಯ ಏಟಿಗೋ ಏನೋ, ಮುಚ್ಚಳ ಹಾರಿತು.

ಒಳಗೆ ಹೆಬ್ಬೆರಳ ಉಗುರಿನಷ್ಟು ಸಿಲಿಕಾನ್ ಚೂರು. ಅದರಲ್ಲಿ ಸುಮಾರು 12 ಲಕ್ಷ ಟ್ರಾನ್ಸಿಸ್ಟರುಗಳಂತೆ. ಶಾಲೆಯ ಮಕ್ಕಳು ಬಳಸುವ ಸೂಕ್ಷ್ಮದರ್ಶಕದಡಿ ಇಟ್ಟರೆ ಬರೀ ಕತ್ತಲೆ. ಕೆಳಗಿನ ಬೆಳಕು ಪಿಂಗಾಣಿಯನ್ನು ದಾಟುವುದಿಲ್ಲವಲ್ಲ! ಪಕ್ಕದಿಂದ ಟಾರ್ಚ್ ಹಿಡಿದ ಕೂಡಲೇ ನವಿಲುಗರಿಯ ಬಣ್ಣಗಳು ಎದ್ದವು. ಯಾವ ಬಣ್ಣವನ್ನೂ ಬಳಿದದ್ದಲ್ಲ. ಸೋಪಿನ ಗುಳ್ಳೆಯಲ್ಲಿ ಆಗುವಂತೆ ತೆಳುಪದರಗಳೂ, ಜೊತೆಗೆ ಒತ್ತೊತ್ತಾದ ಗೆರೆಗಳೂ ಬೆಳಕನ್ನು ಒಡೆದು ತೋರಿಸುತ್ತವೆ. ಒಂದು ಕಡೆ ಎಮ್ಮಿಗನೂರಿನ ಮಗ್ಗದ ಬಟ್ಟೆಯಂತೆ ಒಂದೇ ಸಮನಾದ ನೇಯ್ಗೆ. "ಅದು ನೆನಪಿನ ಜಾಗ ಅಪ್ಪಾ, 8,192 ಅಕ್ಷರ ಹಿಡಿತದ" ಎಂದ ಮಗ. ಇಂಗ್ಲಿಷ್ ಅಕ್ಷರದ ಲೆಕ್ಕವಂತೆ. ನಾನು ಮನಸ್ಸಿನಲ್ಲೇ ಎಣಿಸಿದೆ: ಅಪ್ಪನ ಲೆಡ್ಜರಿನ ನಾಲ್ಕೈದು ಪುಟ.

ಇಟಲಿಯ ವಿಚೆಂಜಾದಲ್ಲಿ ಹುಟ್ಟಿದ ಫೆಡೆರಿಕೊ ಫ್ಯಾಜಿನ್ ಅವರು 1971ರ ಇಂಟೆಲ್ 4004 ಚಿಪ್ಪಿನ ಅಂಚಿನಲ್ಲಿ ಎಫ್.ಎಫ್. ಎಂದು ತಮ್ಮ ಹೆಸರಿನ ಮೊದಲ ಅಕ್ಷರಗಳನ್ನು ಕೆತ್ತಿದ್ದರಂತೆ. ಅದರಲ್ಲಿದ್ದದ್ದು 2,300 ಟ್ರಾನ್ಸಿಸ್ಟರುಗಳಷ್ಟೇ. ಇದನ್ನು ಕೇಳಿದ ಮೇಲೆ ನಮ್ಮ ಚೂರಿನ ಅಂಚುಗಳನ್ನೆಲ್ಲ ಹುಡುಕಿದೆ. ಯಾರ ಸಹಿಯೂ ಕಣ್ಣಿಗೆ ಬೀಳಲಿಲ್ಲ.

"ತಾತ ಇದನ್ನ ಒಮ್ಮೆನಾರ ನೋಡಿದ್ನಾ?" ಮಗ ಕೇಳಿದ. ಇಲ್ಲ ಎಂದೆ. ಅಂದು ನಾನಾಡಿದ ಮಾತನ್ನೂ ಅವತ್ತೇ ಅವನಿಗೆ ಹೇಳಿದೆ. ಹೆಂಡತಿಗೂ ಅದುವರೆಗೆ ಹೇಳಿರಲಿಲ್ಲ.

ಉಳಿದ ಪೆಟ್ಟಿಗೆ ಗುಜರಿಗೆ ಹೋಯಿತು. ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ನವೆಂಬರ್ 2ರಂದು ಅಪ್ಪನ ಆತ್ಮಕ್ಕಾಗಿ ಬಲಿಪೂಜೆ ಕೊಟ್ಟೆವು. ಚಿಪ್ಪು ಈಗ ಅವರ ಜಪಸರದ ಡಬ್ಬಿಯಲ್ಲಿದೆ.