ಮುಲ್ತಾನಿನ ಆರು ರನ್ನು

ಚಡಚಣ ಗಡಿಯೂರು. ನಮ್ಮ ಚಹಾದ ಅಂಗಡಿಯ ಬೆಂಚಿನ ಮೇಲೆ ಕನ್ನಡ ಪತ್ರಿಕೆಯ ಪಕ್ಕದಲ್ಲೇ ಸೋಲಾಪುರದ ಕಡೆಯಿಂದ ಬಂದ ಮರಾಠಿ ಪತ್ರಿಕೆಯೂ ಬಿದ್ದಿರುತ್ತಿತ್ತು. ಎರಡಕ್ಕೂ ಜಗಳವೇನಿರಲಿಲ್ಲ. 2004ರ ಮಾರ್ಚ್ 30ರ ಬೆಳಿಗ್ಗೆ ಮಾತ್ರ ಇತ್ತು.

ಹಿಂದಿನ ದಿನ ಮುಲ್ತಾನ್ ಟೆಸ್ಟಿನಲ್ಲಿ ಸೆಹವಾಗ್ 309 ಹೊಡೆದು, ತ್ರಿಶತಕ ಬಾರಿಸಿದ ಮೊದಲ ಭಾರತೀಯರೆನಿಸಿದ್ದರು. ಅಂಗಡಿಯಲ್ಲಿ ಅವರ ಸುದ್ದಿಯೇ ಇಲ್ಲ. ಗಂಗೂಲಿ ಗಾಯಗೊಂಡಿದ್ದರಿಂದ ಹಂಗಾಮಿ ನಾಯಕರಾಗಿದ್ದ ನಮ್ಮ ರಾಹುಲ್ ದ್ರಾವಿಡ್, ತೆಂಡೂಲ್ಕರ್ 194ರಲ್ಲಿದ್ದಾಗಲೇ 5 ವಿಕೆಟ್‌ಗೆ 675ರಲ್ಲಿ ಡಿಕ್ಲೇರ್ ಮಾಡಿಬಿಟ್ಟಿದ್ದರು.

‘ನಿಮ್ಮ ದ್ರಾವಿಡ ಮಾಡಿದ್ದು ನೋಡ್ರೋ! ಬರೇ ಆರು ರನ್ನಿಗೆ ಮನುಷ್ಯಾನ ಕೈ ಕಟ್ಟಿ ಹಾಕ್ಯಾನ’ ಎಂದರು ಜವಳಿ ಅಂಗಡಿಯ ಕಾಕಾ, ಮರಾಠಿ ಪತ್ರಿಕೆಯನ್ನು ಮಡಚುತ್ತ.

‘ಮ್ಯಾಚ್ ಗೆಲ್ಲಾಕ ಮಾಡ್ಯಾರ್ರೀ ಕಾಕಾ. ಪೇಪರಿನವರು ಜಗಳ ಹಚ್ಚಾಕ ಏನೇನೋ ಬರೀತಾರ’ ಎಂದೆ. ದ್ರಾವಿಡ್ ಹುಟ್ಟಿದ್ದು ಇಂದೋರಿನಲ್ಲಿ, ಮನೆಮಾತು ಮರಾಠಿ ಎಂಬುದು ಆ ಬೆಂಚಿನ ಮೇಲೆ ಯಾರಿಗೂ ನೆನಪಾಗಲಿಲ್ಲ!

ನನಗೆ ಒಂಬತ್ತನೆಯ ತರಗತಿಯ ವಾರ್ಷಿಕ ಪರೀಕ್ಷೆ. ಓದುವುದನ್ನು ಬಿಟ್ಟು ಸಂಪಾದಕರಿಗೆ ಪತ್ರ ಬರೆಯಲು ಕುಳಿತೆ. ತೆಂಡೂಲ್ಕರ್ ನಿರಾಶರಾಗಿದ್ದಾರೆಂಬುದು ವರದಿಗಾರರು ಕಟ್ಟಿದ ಕಥೆ ಎಂಬುದೇ ನನ್ನ ಪತ್ರದ ಬೆನ್ನೆಲುಬು. ಅಪ್ಪ ಓದಿ, ‘ಆ ಮರಾಠಿ ಪೇಪರಿನಾಗ ಏನ್ ಬರದಾರ ನೀ ಓದೀಯೇನು?’ ಎಂದು ಕೇಳಿದರು. ಓದಿರಲಿಲ್ಲ. ನನಗೆ ಮರಾಠಿ ಓದಲು ಬರುತ್ತಿರಲಿಲ್ಲ, ಅದಕ್ಕಿಂತ ಹೆಚ್ಚಾಗಿ ಓದುವ ಮನಸ್ಸೂ ಇರಲಿಲ್ಲ.

ಸಂಜೆ ನಾಚುತ್ತಲೇ ಕಾಕಾನ ಅಂಗಡಿಗೆ ಹೋದೆ. ಅವರು ಸೀರೆಯ ಗಂಟನ್ನು ಬದಿಗಿಟ್ಟು ಸಾಲು ಸಾಲಾಗಿ ಓದಿ ಕನ್ನಡದಲ್ಲಿ ಹೇಳಿದರು. ನಿರಾಶೆಯಾಯಿತೆಂದು ತೆಂಡೂಲ್ಕರ್ ತಾವೇ ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದರು. ಕಟ್ಟುಕಥೆಯಲ್ಲ. ಡಿಕ್ಲೇರ್ ಮಾಡಿದ ಆ ಸಂಜೆ ಪಾಕಿಸ್ತಾನದ ಒಂದೂ ವಿಕೆಟ್ ಬಿದ್ದಿರಲಿಲ್ಲ ಎಂಬುದೂ ಅಲ್ಲಿತ್ತು. ನನ್ನ ಪತ್ರದಲ್ಲಿ ಅದಿರಲಿಲ್ಲ. ಗೊತ್ತಿದ್ದೂ ಬಿಟ್ಟಿದ್ದೆ.

ಹಾಗೆಂದು ಕಾಕಾನ ಪತ್ರಿಕೆ ಪೂರ್ತಿ ಸರಿ ಎನ್ನಲಾರೆ. ತೆಂಡೂಲ್ಕರ್ ಹೇಳಿದ್ದು ಸುದ್ದಿ. ದ್ರಾವಿಡ್ ಹೊಟ್ಟೆಕಿಚ್ಚಿನಿಂದ ಮಾಡಿದರೆಂದು ಅದಕ್ಕೆ ಅಂಟಿಸಿದ್ದ ಬಾಲ ಬರೆದವರದು. ಅದನ್ನು ಹೇಳಿದಾಗ ಕಾಕಾ ಕನ್ನಡಕ ಸರಿಪಡಿಸಿಕೊಂಡು ಮತ್ತೊಮ್ಮೆ ಓದಿ, ‘ಹೌದಲ್ಲೋ, ಇದನ್ನ ಅವ ಎಲ್ಲಿ ಕಂಡಾನ?’ ಎಂದರು.

ಏಪ್ರಿಲ್ 1ರಂದು ಭಾರತ ಇನಿಂಗ್ಸ್ ಹಾಗೂ 52 ರನ್‌ಗಳಿಂದ ಗೆದ್ದಿತು. ಪಾಕಿಸ್ತಾನದ ನೆಲದಲ್ಲಿ ಅದು ನಮ್ಮ ಮೊದಲ ಟೆಸ್ಟ್ ಜಯ. ಎರಡನೇ ಇನಿಂಗ್ಸಿನಲ್ಲಿ ಕುಂಬ್ಳೆಗೆ ಆರು ವಿಕೆಟ್. ನಾನು ಕುಣಿದಾಡಿದೆ. ಗೆಲುವಿನಿಂದ ಡಿಕ್ಲರೇಷನ್ ಸರಿಯೆಂದು ಸಾಬೀತಾಯಿತೇ ಎಂಬ ಪ್ರಶ್ನೆ ಮಾತ್ರ ಉಳಿದೇ ಇತ್ತು. ಆಟ ಮುಗಿದಾಗ ಕೊನೆಯ ದಿನದ ಬಹುಪಾಲು ಬಾಕಿಯಿತ್ತು. ಒಂದೆರಡು ಓವರ್ ಕಾಯಬಹುದಿತ್ತಲ್ಲ ಎಂದು ನನಗೂ ಅನ್ನಿಸಿತು. ಕಾಕಾನ ಎದುರಿಗೆ ಒಪ್ಪಲಿಲ್ಲ, ಬಿಡಿ. 2014ರಲ್ಲಿ ಬಂದ ಆತ್ಮಕಥೆಯಲ್ಲೂ ತೆಂಡೂಲ್ಕರ್ ಆ ಬೇಸರವನ್ನು ಬರೆದರು.

2023ರ ನವೆಂಬರ್ 19ರಂದು ಅಹಮದಾಬಾದಿನ ಫೈನಲ್ ಸೋತಾಗ ದ್ರಾವಿಡ್ ತಂಡದ ಕೋಚ್. ಟಿ.ವಿ.ಯಲ್ಲಿ ಪಿಚ್ಚಿನ ಬಗ್ಗೆ ಅವರನ್ನು ಟೀಕಿಸುತ್ತಿದ್ದಂತೆ ಅಕ್ಕನ ಮಗ ರಿಮೋಟ್ ಎಸೆದು, ‘ಎಲ್ಲಾ ಸುಳ್ಳ್ ಮಾಮಾ!’ ಎಂದ. ‘ಯಾವುದು ಸುಳ್ಳು?’ ಎಂದು ಕೇಳಿದೆ. ಅವನು ತಡವರಿಸಿದ.

ಮರುವರ್ಷ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಅದೇ ಕೋಚ್ ಟಿ-20 ವಿಶ್ವಕಪ್ ಎತ್ತಿದರು. ಮರುದಿನ ಜವಳಿ ಅಂಗಡಿಗೆ ಹೋದೆ. ಕಾಕಾಗೆ ಈಗ ಕಣ್ಣು ಮಂದ. ದನಿಯಿಂದಲೇ ಗುರುತಿಸಿ ಕೇಳಿದರು:

‘ಆ ಪತ್ರ ಕಡೀಕ ಪೋಸ್ಟಿಗೆ ಹಾಕಿದ್ಯೋ, ಇಲ್ಲೋ?’